ಮುಳುಗಿದ ಹಡಗಿನ 9,531 ಕೋಟಿ: ಕಡಲಿಗೆ ಬರಬೇಕಾದ ಹಣ ಯಾರ ಕೈ ಸೇರಬೇಕು?

ಮಲ್ಪೆತೀರ

ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿದ್ದು 2025ರ ಮೇ 25ರಂದು, ಕೇರಳದ ಆಲಪ್ಪುಳದ ಹೊರಗಡಲಿನಲ್ಲಿ. 640 ಕಂಟೇನರ್‌ಗಳು, ಸುಮಾರು 367 ಟನ್ ಫರ್ನೇಸ್ ಎಣ್ಣೆ, 84 ಟನ್ ಡೀಸೆಲ್ ಅದರಲ್ಲಿದ್ದವು. ಸಿಬ್ಬಂದಿ 24 ಮಂದಿಯೂ ಬದುಕಿದರು, ಅದು ದೊಡ್ಡ ಸಮಾಧಾನ. ಆದರೆ ಕೆಲವೇ ದಿನಗಳಲ್ಲಿ ತಿರುವನಂತಪುರದ ಮರಳಿನ ಮೇಲೆ ಸಾಬಕ್ಕಿಯಂಥ ಬಿಳಿ ಪ್ಲಾಸ್ಟಿಕ್ ಹರಳುಗಳು ಅಲೆ ಅಲೆಯಾಗಿ ಬಂದು ಬಿದ್ದವು. ಅವನ್ನು ಜರಡಿ ಹಿಡಿದು ಹೆಕ್ಕಿದರು, ಪೊರಕೆಯಲ್ಲಿ ಗುಡಿಸಿದರು. ಮರಳಿನೊಳಗೆ ಇಳಿದದ್ದನ್ನು ಯಾರೂ ತೆಗೆಯಲಾರರು.

ಕೇರಳ ಸರ್ಕಾರ ಹೈಕೋರ್ಟಿನಲ್ಲಿ 9,531 ಕೋಟಿ ರೂಪಾಯಿಯ ದಾವೆ ಹೂಡಿದೆ. ಅದರ ವಿಂಗಡಣೆ ಹೀಗಿದೆ: ಪರಿಸರ ಹಾನಿಗೆ 8,626 ಕೋಟಿ, ಪರಿಸರವನ್ನು ಮತ್ತೆ ಸರಿಪಡಿಸಲು 378 ಕೋಟಿ, ಮೀನುಗಾರರ ಆರ್ಥಿಕ ನಷ್ಟಕ್ಕೆ 526 ಕೋಟಿ. ಬಲೆ ಬೀಸಲಾಗದೆ ದಡದಲ್ಲಿ ಕುಳಿತವರ ಪಾಲು ನೂರಕ್ಕೆ ಐದೂವರೆ. ತಕ್ಷಣದ ನೆರವೆಂದು ನಾಲ್ಕು ಜಿಲ್ಲೆಗಳ ಮೀನುಗಾರ ಕುಟುಂಬಗಳಿಗೆ ಸರ್ಕಾರ ಪ್ರಕಟಿಸಿದ್ದು 1,000 ರೂಪಾಯಿ ಮತ್ತು 6 ಕಿಲೋ ಅಕ್ಕಿ.

ಇದು ನೆರೆಮನೆಯ ಸಂಗತಿ ಎಂದುಕೊಂಡು ನಾವು ಸುಮ್ಮನಿರುವಂತಿಲ್ಲ. ಅದಾಗಿ ಹದಿನೈದೇ ದಿನಕ್ಕೆ, ಜೂನ್ 9ರಂದು, ಕಣ್ಣೂರಿನ ಆಚೆ ವಾನ್ ಹೈ 503 ಹಡಗಿಗೆ ಬೆಂಕಿ ಬಿತ್ತು. 22 ಮಂದಿಯಲ್ಲಿ ರಕ್ಷಿಸಲಾದ 18 ಮಂದಿಯನ್ನು ಕರೆತಂದದ್ದು ನಮ್ಮ ನವಮಂಗಳೂರು ಬಂದರಿಗೆ. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಪ್ರವಾಹ ತೆಂಕಣಕ್ಕೆ ಹರಿಯುತ್ತದೆ, ಚಳಿಗಾಲದಲ್ಲಿ ಬಡಗಣಕ್ಕೆ ತಿರುಗುತ್ತದೆ. ಅದೇ ಹಡಗು ಡಿಸೆಂಬರಿನಲ್ಲಿ ಮುಳುಗಿದ್ದರೆ ಹರಳುಗಳು ಎತ್ತ ಬರುತ್ತಿದ್ದವು ಎಂದು ನೀವೇ ಯೋಚಿಸಿ.

ಚರ್ಚೆಗೆ ಇಡುತ್ತಿರುವ ಮಾತು ಇದು. ಕಡಲ ರಕ್ಷಣೆಗೆ ಹಣ ಬರುವ ದಾರಿ ಎರಡು. ಕೆಡಿಸಿದವನು ಕೊಡಬೇಕಾದ ಪರಿಹಾರ ಮೊದಲನೆಯದು. ಲಾಭ ನೋಡಿಕೊಂಡು ಬರುವ ಖಾಸಗಿ ಬಂಡವಾಳ ಎರಡನೆಯದು. ಈಗೀಗ ಎರಡನ್ನೂ ‘ನೀಲಿ ಆರ್ಥಿಕತೆ’ ಎಂಬ ಒಂದೇ ಚೀಲಕ್ಕೆ ಹಾಕಿ ಮಾತಾಡಲಾಗುತ್ತಿದೆ. ನನ್ನ ಮಟ್ಟಿಗೆ ಇದು ಅಪಾಯ. ಪರಿಹಾರವೆಂಬುದು ಬಾಕಿ, ಅದನ್ನು ತೀರಿಸಲೇಬೇಕು. ಕೆಟ್ಟ ನೀರಿಗೇ, ಆ ನೀರನ್ನು ನಂಬಿದವರಿಗೇ ಅದು ಮರಳಬೇಕು. ಹೂಡಿಕೆಯ ವಿಚಾರಕ್ಕೆ ಆಮೇಲೆ ಬರೋಣ. ನಿಮಗೆ ಏನನ್ನಿಸುತ್ತದೆ?

ಹಡಗುವಿಮೆ_ಮುಂಬಯಿ

ಹಡಗು ವಿಮೆಯ ಕ್ಷೇತ್ರದಲ್ಲಿ ಕೆಲಸ ಮಾಡುವವನಾಗಿ ಒಂದು ಮಾತನ್ನು ಮೊದಲೇ ಹೇಳುತ್ತೇನೆ. 9,531 ಕೋಟಿ ಬಂದೇ ಬರುತ್ತದೆ ಎಂದು ಯಾರೂ ಲೆಕ್ಕ ಹಾಕಬೇಡಿ.

ಕಚ್ಚಾ ತೈಲ ಸಾಗಿಸುವ ಟ್ಯಾಂಕರ್ ಒಡೆದರೆ ವ್ಯವಸ್ಥೆ ಚೆನ್ನಾಗಿದೆ. ಹಡಗಿನ ಮಾಲೀಕನ ವಿಮೆ ಮೊದಲ ಹಂತ. ಅದು ಸಾಲದಿದ್ದರೆ, ತೈಲ ತರಿಸಿಕೊಳ್ಳುವ ಕಂಪನಿಗಳೆಲ್ಲ ಸೇರಿ ತುಂಬುವ ಅಂತರರಾಷ್ಟ್ರೀಯ ನಿಧಿ ಎರಡನೇ ಹಂತ. ಭಾರತ ಅದರ ಸದಸ್ಯ ರಾಷ್ಟ್ರ. ಆದರೆ ಕಂಟೇನರ್ ಹಡಗಿಗೆ ಈ ಎರಡನೇ ಹಂತವೇ ಇಲ್ಲ. ರಾಸಾಯನಿಕಗಳಂಥ ಅಪಾಯಕಾರಿ ಸರಕಿಗೆಂದು 1996ರಲ್ಲೇ ಒಪ್ಪಂದವೊಂದು ರೂಪುಗೊಂಡಿತು, 2010ರಲ್ಲಿ ತಿದ್ದುಪಡಿಯೂ ಆಯಿತು. ಇಷ್ಟು ವರ್ಷಗಳ ಮೇಲೂ ಜಾರಿಗೆ ಬಂದಿಲ್ಲ. ಬಂದರೂ ಪ್ಲಾಸ್ಟಿಕ್ ಹರಳಿನ ಹಾನಿ ಅದರ ವ್ಯಾಪ್ತಿಗೆ ಸಿಗುವುದಿಲ್ಲ, ಏಕೆಂದರೆ ಹರಳು ಅಪಾಯಕಾರಿ ಸರಕಿನ ಪಟ್ಟಿಯಲ್ಲಿಲ್ಲ. ಇದರ ಮೇಲೆ, ಹಡಗಿನ ಗಾತ್ರಕ್ಕೆ ತಕ್ಕಂತೆ ಮಾಲೀಕನ ಹೊಣೆಗೆ ಗರಿಷ್ಠ ಮಿತಿ ಹಾಕಿಸಿಕೊಳ್ಳುವ ಹಕ್ಕು ಅವನಿಗೆ ಕಾನೂನಿನಲ್ಲೇ ಇದೆ. ಹಾನಿ ಎಷ್ಟೇ ಆಗಿರಲಿ, ಹೊಣೆ ಹಡಗಿನ ಗಾತ್ರದಷ್ಟೇ.

ಎಲ್ಸಾ ಪ್ರಕರಣದಲ್ಲಿ ಕೇರಳ ಹೈಕೋರ್ಟು ಒಂದು ಒಳ್ಳೆಯ ಕೆಲಸ ಮಾಡಿತು. ಅದೇ ಬಳಗದ ಎಂಎಸ್‌ಸಿ ಅಕಿಟೆಟಾ 2 ಹಡಗು ವಿಳಿಞ್ಞಂ ಬಂದರಿನಲ್ಲಿದ್ದಾಗ ಅದನ್ನು ಜಪ್ತಿ ಮಾಡಿಸಿತು. 2025ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಕೇಳಿದ ಭದ್ರತಾ ಮೊತ್ತ 1,227.62 ಕೋಟಿ. ಕೇರಳ ಕೇಳಿದ್ದರ ಎಂಟನೇ ಒಂದು ಪಾಲಿನಷ್ಟು.

ಶ್ರೀಲಂಕೆಯನ್ನು ನೋಡಿ. 2021ರಲ್ಲಿ ಕೊಲಂಬೊ ಹೊರಗೆ ಎಕ್ಸ್‌ಪ್ರೆಸ್ ಪರ್ಲ್ ಸುಟ್ಟು ಮುಳುಗಿತು, 1,600 ಟನ್ನಿಗೂ ಹೆಚ್ಚು ಪ್ಲಾಸ್ಟಿಕ್ ಹರಳು ಕಡಲು ಸೇರಿತು. ಲಂಡನ್ ನ್ಯಾಯಾಲಯ 2023ರಲ್ಲಿ ಹೊಣೆಯನ್ನು ಸುಮಾರು 1.9 ಕೋಟಿ ಪೌಂಡಿಗೆ ಮಿತಿಗೊಳಿಸಿತು. ಶ್ರೀಲಂಕೆಯ ಸುಪ್ರೀಂ ಕೋರ್ಟು 2025ರ ಜುಲೈಯಲ್ಲಿ ನೂರು ಕೋಟಿ ಡಾಲರ್ ಕೊಡಬೇಕೆಂದು ತೀರ್ಪಿತ್ತಿತು. ಕಂಪನಿ ಕೊಡುವುದಿಲ್ಲ ಎಂದಿತು. ನಾಲ್ಕು ವರ್ಷ ಹೀಗೆ ಕಳೆದರೆ ನೆಗೊಂಬೊದ ಬಲೆಗಾರ ಏನು ಉಣ್ಣಬೇಕು?

ಮಲ್ಪೆತೀರ

ನಿಮ್ಮ ಕೊನೆಯ ಪ್ರಶ್ನೆಯೇ ನನ್ನದೂ. ಪರಿಹಾರ ನ್ಯಾಯಾಲಯದ ದಾರಿಯಲ್ಲಿ ನಿಧಾನವಾಗಿ ಬರಲಿ. ಅಲ್ಲಿಯವರೆಗೆ ಕೊಡಲು ಮೊದಲೇ ತುಂಬಿಟ್ಟ ನಿಧಿಯೊಂದು ಬೇಡವೇ? ಬಂದರಿಗೆ ಬರುವ ಪ್ರತಿ ಕಂಟೇನರಿನ ಮೇಲೆ ಸಣ್ಣ ಶುಲ್ಕ ಹಾಕಿದರೂ ಸಾಕು. ಟ್ಯಾಂಕರುಗಳಿಗೆ ಸಾಧ್ಯವಾದದ್ದು ಕಂಟೇನರಿಗೆ ಏಕೆ ಆಗದು?

ತದಡಿತೀರ

ನಿಧಿ ತುಂಬುವುದನ್ನು ಆಮೇಲೆ ನೋಡೋಣ, ಹಂಚುವ ಪಟ್ಟಿಯಲ್ಲಿ ಯಾರಿರುತ್ತಾರೆ ಎಂದು ಮೊದಲು ಹೇಳಿ.

ನಾನು ಅಘನಾಶಿನಿ ಅಳಿವೆಯ ಬದಿಯವಳು. ನಮ್ಮಲ್ಲಿ ನೀರಿಳಿದಾಗ ಹೆಂಗಸರು ಸೊಂಟದವರೆಗಿನ ನೀರಿನಲ್ಲಿ ನಿಂತು ಬೆಳಚು, ಅಂದರೆ ಕೆಸರಿನಲ್ಲಿ ಸಿಗುವ ತಿನ್ನುವ ಚಿಪ್ಪುಜೀವಿ, ಹೆಕ್ಕುತ್ತಾರೆ. ಅದಕ್ಕೆ ದೋಣಿ ಬೇಡ, ಬಲೆ ಬೇಡ, ಪರವಾನಗಿ ಬೇಡ. ಆದ್ದರಿಂದ ಅವರ ಹೆಸರು ಯಾವ ಕಚೇರಿಯ ಪುಸ್ತಕದಲ್ಲೂ ಇಲ್ಲ. ನಾಳೆ ಎಣ್ಣೆ ಬಂದು ಅಳಿವೆಯ ಕೆಸರಿನ ಮೇಲೆ ಕೂತರೆ ಬೋಟಿನ ಯಜಮಾನನಿಗೆ ನೋಂದಣಿ ಸಂಖ್ಯೆ ಇದೆ, ನಾಡದೋಣಿಗೆ ಇದೆ, ಮೀನು ಮಾರುವವಳಿಗೆ ಸೊಸೈಟಿಯ ಚೀಟಿ ಇರಬಹುದು. ಬೆಳಚು ಹೆಕ್ಕುವವಳು ತಾನು ಕಳೆದುಕೊಂಡದ್ದನ್ನು ಹೇಗೆ ತೋರಿಸಬೇಕು? ಬೆಳಚು ಮತ್ತೆ ಕೂರಲು ಎಷ್ಟು ಮಳೆಗಾಲ ಬೇಕೋ ಯಾರಿಗೂ ತಿಳಿಯದು.

2024ರ ಜನವರಿಯಲ್ಲಿ ನಮ್ಮ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿ ರಾಮ್‌ಸರ್ ತಾಣವಾಯಿತು. ಹೆಮ್ಮೆಯಾಯಿತು. ಆ ಗೌರವ ಬಂದದ್ದು ನೀರು, ಕೆಸರು, ಕಾಂಡ್ಲಾ (ಮ್ಯಾಂಗ್ರೋವ್), ಗಜನಿ ಎಂಬ ಉಪ್ಪುನೀರಿನ ಗದ್ದೆ, ಅಲ್ಲಿ ಬೆಳೆಯುವ ಕಗ್ಗ ಭತ್ತ ಎಲ್ಲವೂ ಒಟ್ಟಿಗೆ ಉಳಿದದ್ದರಿಂದ. ಅದನ್ನು ಉಳಿಸಿದವರು ದಾಖಲೆಯೇ ಇಲ್ಲದ ಈ ಜನ. ಪರಿಹಾರದ ಮಾತು ಬಂದಾಗ ಮಾತ್ರ ದಾಖಲೆ ಕೇಳುತ್ತಾರೆ.

ಶಾಂಘೈ_ಕನ್ನಡಿಗ

ತದಡಿತೀರ ಅಕ್ಕ ಹೇಳಿದ್ದು ಇಲ್ಲಿಯೂ ನಡೆದಿದೆ. ಚೀನಾದ ಬೋಹೈ ಕೊಲ್ಲಿಯಲ್ಲಿ 2011ರ ಜೂನಿನಲ್ಲಿ ಪೆಂಗ್‌ಲೈ 19-3 ತೈಲಕ್ಷೇತ್ರದಿಂದ ಎಣ್ಣೆ ಸೋರಿತು. ಮರುವರ್ಷ ಕೊನೊಕೊಫಿಲಿಪ್ಸ್ ಮತ್ತು ಸಿನೂಕ್ ಕಂಪನಿಗಳು ಕಡಲ ಪರಿಸರದ ಬಾಬ್ತಿಗೆ 168.3 ಕೋಟಿ ಯುವಾನ್ ಒಪ್ಪಿಕೊಂಡವು. ಮೀನುಗಾರಿಕೆಯ ನಷ್ಟಕ್ಕೆ ಬೇರೆ 100 ಕೋಟಿ. ಈ ಪ್ರತ್ಯೇಕತೆ ನನಗೆ ಹಿಡಿಸಿತು: ಕಡಲಿನ ಖಾತೆ ಬೇರೆ, ಜನರ ಖಾತೆ ಬೇರೆ. ಆದರೆ ಜನರ ಖಾತೆಯ ಹಣ ಹೆಬೈ ಮತ್ತು ಲಿಯಾವೊನಿಂಗ್ ಪ್ರಾಂತ್ಯಗಳಿಗೆಂದು ಗೊತ್ತಾಯಿತು. ಅದೇ ಕೊಲ್ಲಿಯ ಶಾಂಡೊಂಗ್ ದಡದವರು ಹೊರಗುಳಿದರು. ಪಟ್ಟಿ ಬರೆಯುವವನು ಗಡಿ ಎಳೆದದ್ದು ಭೂಪಟ ನೋಡಿ.

ಎಲ್ಸಾ ಹಣ ಬಂದರೂ ಕೇರಳದ ಗಡಿಯಲ್ಲೇ ನಿಲ್ಲುತ್ತದೆ. ತಲಪಾಡಿಯ ಈಚೆ ಬಂಗುಡೆ ಕಡಿಮೆಯಾದರೆ ಕರ್ನಾಟಕ ಬೇರೆ ದಾವೆಯನ್ನೇ ಹೂಡಬೇಕು.

ದಲಾಲ್‌ಬೀದಿ

ಪರಿಹಾರವನ್ನೇ ನಂಬಿ ಕೂತರೆ ಕಡಲು ಕೆಡುವುದನ್ನೇ ಕಾಯಬೇಕಾಗುತ್ತದೆ. ಕೆಡದಂತೆ ಕಾಯಲು ದಿನವೂ ಹಣ ಬೇಕು, ಸರ್ಕಾರದ ಬೊಕ್ಕಸ ಅಷ್ಟಕ್ಕೆ ಸಾಲದು. ಖಾಸಗಿ ಬಂಡವಾಳವನ್ನು ಹಗೆಯಂತೆ ನೋಡುವುದನ್ನು ಬಿಡಿ ಎಂದು ಕೇಳಿಕೊಳ್ಳುತ್ತೇನೆ.

ಸೇಶೆಲ್ಸ್ ಎಂಬ ಪುಟ್ಟ ದೇಶ 2016ರಲ್ಲಿ ತನ್ನ ಸಾಲದಲ್ಲಿ 2.16 ಕೋಟಿ ಡಾಲರನ್ನು ಹೊಸ ಷರತ್ತಿನ ಮೇಲೆ ತಿರುಗಿಸಿತು: ಕಂತಿನ ಒಂದು ಪಾಲು ಕಡಲ ರಕ್ಷಣೆಗೆ. 2018ರಲ್ಲಿ ಜಗತ್ತಿನ ಮೊದಲ ಸಾರ್ವಭೌಮ ನೀಲಿ ಬಾಂಡ್ (ಕಡಲ ಕೆಲಸಕ್ಕೆಂದೇ ಸರ್ಕಾರ ಹೊರಡಿಸುವ ಸಾಲಪತ್ರ) ಹೊರಡಿಸಿ 1.5 ಕೋಟಿ ಡಾಲರ್ ಎತ್ತಿತು. ಅದನ್ನು ಕೊಂಡದ್ದು ಅಮೆರಿಕದ ಮೂರು ಹೂಡಿಕೆ ಸಂಸ್ಥೆಗಳು. ವಿಶ್ವಬ್ಯಾಂಕ್ ಖಾತರಿ ನಿಂತಿತು, ಜಾಗತಿಕ ಪರಿಸರ ನಿಧಿ ಕಡಿಮೆ ಬಡ್ಡಿಯ ಸಾಲ ಕೊಟ್ಟಿತು, ಇದರಿಂದ ಶೇ. 6.5ರ ಬಡ್ಡಿ ಸೇಶೆಲ್ಸ್‌ಗೆ ಶೇ. 2.8ರಷ್ಟೇ ಬಿತ್ತು. 2020ರ ಹೊತ್ತಿಗೆ ತನ್ನ ಕಡಲಿನ ಶೇ. 30ರಷ್ಟನ್ನು ಅದು ರಕ್ಷಿತ ಪ್ರದೇಶವೆಂದು ಘೋಷಿಸಿತ್ತು. ಬೆಲೀಜ್ 2021ರಲ್ಲಿ 55.3 ಕೋಟಿ ಡಾಲರಿನ ಸಾಲವನ್ನು ಇದೇ ದಾರಿಯಲ್ಲಿ ತೀರಿಸಿಕೊಂಡಿತು.

ನಮ್ಮಲ್ಲಿ ಸೆಬಿ 2023ರಲ್ಲಿ ಹಸಿರು ಸಾಲಪತ್ರಗಳ ವ್ಯಾಖ್ಯೆಯೊಳಗೆ ನೀಲಿ ಬಾಂಡನ್ನೂ ಸೇರಿಸಿದೆ. ಬಾಗಿಲು ತೆರೆದಿದೆ, ಒಳಗೆ ಬರಲು ಯೋಜನೆಗಳಿಲ್ಲ.

ಹಡಗುವಿಮೆ_ಮುಂಬಯಿ

ವಿಮೆಯ ಕಡೆಯಿಂದಲೂ ಒಂದು ಉದಾಹರಣೆ ಕೊಡುತ್ತೇನೆ, ನನಗೆ ತುಂಬ ಮೆಚ್ಚಿಕೆಯಾದದ್ದು. ಮೆಕ್ಸಿಕೋದ ಕಿಂಟಾನಾ ರೂ ರಾಜ್ಯ 2019ರಲ್ಲಿ ತನ್ನ ಹವಳದ ದಿಬ್ಬಕ್ಕೇ ವಿಮೆ ಮಾಡಿಸಿತು. ಗಾಳಿ ನಿಗದಿತ ವೇಗ ಮೀರಿದರೆ ಹಣ ಬರುತ್ತದೆ, ಹಾನಿ ಎಷ್ಟೆಂದು ಅಳೆಯುತ್ತಾ ಕೂರುವುದಿಲ್ಲ. 2020ರ ಅಕ್ಟೋಬರಿನಲ್ಲಿ ಡೆಲ್ಟಾ ಚಂಡಮಾರುತ ಬಂದಾಗ ಸುಮಾರು 8.5 ಲಕ್ಷ ಡಾಲರ್ ಬಂತು. ಮೊದಲೇ ತರಬೇತಾಗಿದ್ದ ಮುಳುಗುಗಾರರ ತಂಡ ನೀರಿಗಿಳಿದು ಮುರಿದ ಹವಳಗಳನ್ನು ಮತ್ತೆ ಅಂಟಿಸಿತು. ಮುರಿದ ಹವಳ ಬಹಳ ದಿನ ಬದುಕುವುದಿಲ್ಲ, ಆದ್ದರಿಂದ ಹಣ ಬೇಗ ಬರುವುದೇ ಅಲ್ಲಿ ಮುಖ್ಯ.

ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳವಿದೆ, ಮುಳುಗುವ ಕ್ರೀಡೆಗೆ ಬರುವ ಪ್ರವಾಸಿಗರಿದ್ದಾರೆ. ಅವರು ಕೊಡುವ ಹಣದಲ್ಲಿ ಒಂದು ಪಾಲು ಇಂಥದ್ದಕ್ಕೆ ಹೋಗಬಾರದೇಕೆ?

ಗಂಗೊಳ್ಳಿ_ಬೋಟು

ಸೇಶೆಲ್ಸಿನ ಲೆಕ್ಕ ಚೆನ್ನಾಗಿದೆ. ನಾನು ಬೋಟು ಇಟ್ಟುಕೊಂಡವನು, ಮನೆಯ ಹತ್ತಿರದ ಲೆಕ್ಕ ಹೇಳುತ್ತೇನೆ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಯಾಂತ್ರಿಕ ಬೋಟುಗಳು ದಡದಲ್ಲಿರುತ್ತವೆ. ಮೀನು ಮರಿ ಮಾಡುವ ಕಾಲ, ಕಡಲಿಗೆ ಬಿಡುವು ಬೇಕು, ಅದನ್ನು ನಾವು ಒಪ್ಪಿದ್ದೇವೆ. ಆ ಎರಡು ತಿಂಗಳು ನಾವು ಸಮಾಜಕ್ಕೆ ಸಲ್ಲಿಸುವ ಸೇವೆ ಅದು. ಅದಕ್ಕೆ ಬದಲಾಗಿ ಮತ್ಸ್ಯ ಸಂಪದ ಯೋಜನೆಯಲ್ಲಿ ಬಡ ಮೀನುಗಾರ ಕುಟುಂಬಕ್ಕೆ ಸರ್ಕಾರದಿಂದ 3,000 ರೂಪಾಯಿ, ಮೀನುಗಾರನೇ ಕಟ್ಟಿದ 1,500 ಸೇರಿ 4,500. ಎರಡು ತಿಂಗಳ ಅಕ್ಕಿ, ಮಕ್ಕಳ ಶಾಲೆಯ ಪುಸ್ತಕ, ಬಲೆ ದುರಸ್ತಿ ಎಲ್ಲ ಇದರಲ್ಲಿ ಆಗಬೇಕು. ಬಾಂಗ್ಲಾದೇಶದಲ್ಲಿ ಹಿಲ್ಸಾ ಮೀನಿನ ನಿಷೇಧದ ಕಾಲಕ್ಕೆ ಅಕ್ಕಿ ಕೊಡುತ್ತಾರೆ, ಎಳೆಯ ಹಿಲ್ಸಾ ಹಿಡಿಯಬಾರದ ತಿಂಗಳುಗಳಲ್ಲಿ ಕುಟುಂಬಕ್ಕೆ ತಿಂಗಳಿಗೆ 40 ಕಿಲೋ. 2002-03ರಲ್ಲಿ ಎರಡು ಲಕ್ಷ ಟನ್ ಆಸುಪಾಸಿದ್ದ ಅಲ್ಲಿನ ಹಿಲ್ಸಾ ಉತ್ಪನ್ನ 2017-18ಕ್ಕೆ ಐದು ಲಕ್ಷ ಟನ್ ದಾಟಿತು. ಅಕ್ಕಿಯೊಂದರಿಂದಲೇ ಆಯಿತೆಂದು ನಾನು ಹೇಳುವುದಿಲ್ಲ, ಕಾವಲೂ ಬಿಗಿಯಾಗಿತ್ತು. ಆದರೆ ಹೊಟ್ಟೆಗೆ ಇಲ್ಲದವನಿಗೆ ನಿಷೇಧ ಹೇಳಿ ಪ್ರಯೋಜನವಿಲ್ಲ.

ನಮ್ಮವರ ಬಗ್ಗೆಯೂ ಹೇಳಲೇಬೇಕು. ಬೆಳಕು ಹಾಕಿ ಮೀನು ಹಿಡಿಯುವುದನ್ನು ಕೇಂದ್ರ 2017ರ ನವೆಂಬರಿನಲ್ಲೇ ನಿಷೇಧಿಸಿತು. ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಕೂಡ ನಿಷಿದ್ಧ. ಎರಡೂ ಇನ್ನೂ ನಡೆಯುತ್ತಿವೆ. ನಾಡದೋಣಿಯವರು ಇದರಿಂದ ಕಳೆದುಕೊಂಡದ್ದನ್ನು ಯಾರು ತುಂಬಿಕೊಡುತ್ತಾರೆ? ಕೆಡಿಸಿದವನು ಕೊಡಬೇಕೆಂಬ ನಿಯಮ ಹಡಗಿನ ಕಂಪನಿಗೆ ಮಾತ್ರ ಅನ್ವಯಿಸಿ ನಮಗೆ ಬಿಟ್ಟರೆ ಅದು ನಿಯಮವೇ ಆಗುವುದಿಲ್ಲ.

ವೇರಾವಳ_ನೆನಪು

ಗಂಗೊಳ್ಳಿಯ ಅಣ್ಣನ ಮಾತಿಗೆ ಗುಜರಾತಿನ ತಿಮಿಂಗಿಲ ಶಾರ್ಕಿನ ಕತೆ ಸೇರಿಸುತ್ತೇನೆ. ಪರಿಹಾರ ಮತ್ತು ಖಾಸಗಿ ಹಣ ಒಂದೇ ದೋಣಿಯಲ್ಲಿ ಕೂತು ಮುಳುಗದೆ ಸಾಗಿದ್ದನ್ನು ನಾನು ಕಂಡದ್ದು ಅಲ್ಲಿ.

1990ರ ದಶಕದಲ್ಲಿ ವೇರಾವಳದ ಕಡೆ ಈ ಮೀನನ್ನು ಕೊಕ್ಕೆ ಹಾಕಿ, ಪೀಪಾಯಿ ಕಟ್ಟಿ ದಣಿಸಿ ಹಿಡಿಯುತ್ತಿದ್ದರು. ಯಕೃತ್ತಿನ ಎಣ್ಣೆಯನ್ನು ದೋಣಿಯ ಮರಕ್ಕೆ ನೀರು ಹಿಡಿಯದಂತೆ ಬಳಿಯುತ್ತಿದ್ದರು, ಮಾಂಸ ಪರದೇಶಕ್ಕೆ ಹೋಗುತ್ತಿತ್ತು. 2001ರಲ್ಲಿ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ ಅದು ಸೇರಿತು. ಕಾನೂನು ಬಂದ ಮಾತ್ರಕ್ಕೆ ಬಲೆಗೆ ಬಿದ್ದ ಮೀನನ್ನು ಬಿಡಲು ಯಾರೂ ಸಿದ್ಧರಿರಲಿಲ್ಲ, ಬಿಡಬೇಕಾದರೆ ದುಬಾರಿ ಬಲೆಯನ್ನೇ ಕೊಯ್ಯಬೇಕು. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಚಳವಳಿ ಶುರು ಮಾಡಿತು, ಹಣ ಕೊಟ್ಟದ್ದು ಟಾಟಾ ಕೆಮಿಕಲ್ಸ್. ಕಥಾಕಾರ ಮೊರಾರಿ ಬಾಪು ಆ ಮೀನನ್ನು ಹೆರಿಗೆಗೆ ತವರಿಗೆ ಬಂದ ಮಗಳೆಂದು ಕರೆದರು. ಗುಜರಾತ್ ಅರಣ್ಯ ಇಲಾಖೆ ಕೊಯ್ದ ಬಲೆಗೆ 25,000 ರೂಪಾಯಿಯವರೆಗೆ ಪರಿಹಾರ ಕೊಡಲು ಒಪ್ಪಿತು.

ಎಲ್ಲಕ್ಕಿಂತ ಮುಖ್ಯವಾದದ್ದು ಆಮೇಲಿನ ಒಂದು ಸಣ್ಣ ಬದಲಾವಣೆ. ಮೊದಲು ಅಧಿಕಾರಿ ದೋಣಿಯಲ್ಲಿ ಬಂದು ನೋಡುವವರೆಗೆ ಮೀನು ಬಲೆಯಲ್ಲೇ ಒದ್ದಾಡಬೇಕಿತ್ತು. ಅನಂತರ ಮೀನುಗಾರರ ಕೈಗೇ ನೀರು ತಾಗದ ಕ್ಯಾಮೆರಾ ಕೊಟ್ಟರು. ಬಲೆ ಕೊಯ್ಯುವ ಚಿತ್ರ ತೆಗೆದರೆ ಅದೇ ಸಾಕ್ಷಿ. ಹೀಗೆ ನಂಬಿದ ಮೇಲೆ ಬಿಡುಗಡೆ ವೇಗವಾಯಿತು. 900ಕ್ಕೂ ಹೆಚ್ಚು ತಿಮಿಂಗಿಲ ಶಾರ್ಕ್‌ಗಳು ಈವರೆಗೆ ಕಡಲಿಗೆ ಮರಳಿವೆ. ಮಹಾರಾಷ್ಟ್ರವೂ 2018ರ ಕೊನೆಗೆ ಆಮೆ, ಡಾಲ್ಫಿನ್‌ಗಳನ್ನೆಲ್ಲ ಸೇರಿಸಿ ಇದೇ 25,000ದ ಯೋಜನೆ ತಂದಿತು.

ಕಂಪನಿಯ ಹಣ ಇಲ್ಲಿ ಪ್ರಚಾರಕ್ಕೆ, ತರಬೇತಿಗೆ, ಸಂಶೋಧನೆಗೆ ಹೋಯಿತು. ಬಲೆಯ ಬೆಲೆ ಬಂದದ್ದು ಸರ್ಕಾರದಿಂದ. ಯಾರು ಏನು ಕೊಡಬೇಕೆಂಬುದು ಸ್ಪಷ್ಟವಿತ್ತು.

ಮಲ್ಪೆತೀರ

ನಾನು ಹೇಳಲು ಹೊರಟದ್ದು ಇದನ್ನೇ. ದಲಾಲ್‌ಬೀದಿಯವರೇ, ನನಗೆ ಬಂಡವಾಳದ ಮೇಲೆ ಹಗೆಯಿಲ್ಲ. ಕಂಪನಿ ಕಾಯ್ದೆಯೇ ಈ ಗೆರೆಯನ್ನು ಎಳೆದಿದೆ: ಬೇರೆ ಕಾನೂನಿನಡಿ ಮಾಡಲೇಬೇಕಾದ ಕೆಲಸವನ್ನು ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ಲೆಕ್ಕಕ್ಕೆ ಬರೆಯುವಂತಿಲ್ಲ ಎಂದು 2021ರ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಬಂದರು ಕಟ್ಟುವಾಗ ಕಡಿದ ಕಾಂಡ್ಲಾಕ್ಕೆ ಬದಲಿ ನೆಡುವುದು ಬಾಕಿ ತೀರಿಸುವುದು. ಅದನ್ನು ದಾನವೆಂದು ಫಲಕ ಹಾಕಿಸಬಾರದು. ಕಡಲ ವಿಚಾರದಲ್ಲಿ ಈ ಗೆರೆಯನ್ನು ಅಳಿಸುವ ಯಾವ ಹಣಕ್ಕೂ ನಾನು ವಿರೋಧಿ.

ಕಾರವಾರದ_ಮೇಷ್ಟ್ರು

ಬದಲಿ ನೆಡುವ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಸಸ್ಯಶಾಸ್ತ್ರ ಕಲಿಸಿದವನು, ಕಾಳಿ ಅಳಿವೆಯ ಕಾಂಡ್ಲಾ ಕಾಡಿನೊಳಗೆ ಮಕ್ಕಳನ್ನು ಕರೆದುಕೊಂಡು ಓಡಾಡಿದವನು.

ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯ ಪ್ರಕಾರ ಯೋಜನೆಗೆಂದು ಕಾಂಡ್ಲಾ ಹಾಳಾದರೆ ಅದರ ಮೂರು ಪಟ್ಟು ಪ್ರದೇಶದಲ್ಲಿ ನೆಡಬೇಕು. ಕೇಳಲು ಉದಾರವಾಗಿದೆ. ಆದರೆ ಎಲ್ಲಿ ನೆಡುವುದು? ಕಾಂಡ್ಲಾ ಬೆಳೆಯಬಲ್ಲ ಜಾಗದಲ್ಲಿ ಬಹುಪಾಲು ಈಗಾಗಲೇ ಬೆಳೆದಿದೆ, ಉಳಿದದ್ದರಲ್ಲಿ ರಸ್ತೆ, ಸಿಗಡಿ ಕೆರೆ, ಮನೆ ಬಂದಿವೆ. ಕೊನೆಗೆ ಸಿಗುವುದು ನೀರಿಳಿದಾಗ ತೆರೆದುಕೊಳ್ಳುವ ಕೆಸರು ಬಯಲು. ಅಲ್ಲಿ ಸಾಲಾಗಿ ಒಂದೇ ಜಾತಿಯ ಸಸಿ ಚುಚ್ಚುತ್ತಾರೆ. ಹೆಚ್ಚಿನವು ಅಲೆಗೆ ಕಿತ್ತುಹೋಗುತ್ತವೆ. ಬದುಕಿದರೆ ಇನ್ನೊಂದು ಹಾನಿ: ಆ ಕೆಸರು ಬಯಲು ತದಡಿಯ ಅಕ್ಕನ ಬೆಳಚಿನ ಮನೆ, ವಲಸೆ ಹಕ್ಕಿಗಳ ಊಟದ ಬಯಲು. ಒಂದು ಕಡೆಯ ಹಾನಿಗೆ ಇನ್ನೊಂದು ಕಡೆ ಹಾನಿ ಮಾಡಿ ಲೆಕ್ಕ ಸರಿದೂಗಿಸುತ್ತಾರೆ.

ಗ್ರೇಟ್ ನಿಕೋಬಾರ್ ಇನ್ನೂ ದೊಡ್ಡ ಉದಾಹರಣೆ. ಅಲ್ಲಿ ಬಂದರು, ವಿಮಾನ ನಿಲ್ದಾಣ, ಪಟ್ಟಣಕ್ಕೆಂದು ಸುಮಾರು 130 ಚದರ ಕಿಲೋಮೀಟರ್ ಮಳೆಕಾಡು ಹೋಗಲಿದೆ. ಅದಕ್ಕೆ ಬದಲಿ ಅರಣ್ಯ ಬೆಳೆಸಲು ಗೊತ್ತುಮಾಡಿದ ರಾಜ್ಯ ಹರಿಯಾಣ. ಗಲಥಿಯಾ ಕೊಲ್ಲಿಯ ದಡಕ್ಕೆ ಮೊಟ್ಟೆಯಿಡಲು ಬರುವ ಲೆದರ್‌ಬ್ಯಾಕ್ ಆಮೆಗೆ ಹರಿಯಾಣದ ಮರದಿಂದ ಏನಾಗಬೇಕು? ಹದಿನಾರು ಸಾವಿರಕ್ಕೂ ಹೆಚ್ಚು ಹವಳದ ಗುಂಪುಗಳನ್ನು ಕಿತ್ತು ಬೇರೆಡೆ ಅಂಟಿಸುವ ಯೋಜನೆಯೂ ಇದೆ. ಮೆಕ್ಸಿಕೋದವರು ಬಿರುಗಾಳಿ ಮುರಿದದ್ದನ್ನು ಅಂಟಿಸಿದರು, ಇಲ್ಲಿ ನಾವೇ ಮುರಿದು ಅಂಟಿಸುತ್ತೇವೆ ಎನ್ನುತ್ತಿದ್ದೇವೆ.

ಕಾಡಿನ ನೆಲ ಕೊಟ್ಟರೆ ಹೆಕ್ಟೇರಿಗೆ ಇಷ್ಟೆಂದು ನಿವ್ವಳ ಮೌಲ್ಯದ ದರಪಟ್ಟಿಯಿದೆ. ಹೂಳೆತ್ತಿ ಬಗೆದ ಕಡಲ ತಳಕ್ಕೆ ಅಂಥ ಪಟ್ಟಿಯೇ ಇಲ್ಲ. ಅಂಕೋಲಾದ ಕೇಣಿಯಲ್ಲಿ 4,119 ಕೋಟಿ ರೂಪಾಯಿಯ ಖಾಸಗಿ ಬಂದರಿನ ಪ್ರಸ್ತಾವವಿದೆ, ಮೀನುಗಾರರು ಬೀದಿಗಿಳಿದು ವಿರೋಧಿಸಿದ್ದಾರೆ. ಅಲ್ಲಿ ಬಲೆ ಬೀಸುವ ನೀರಿನ ಬೆಲೆ ಆ 4,119 ಕೋಟಿಯಲ್ಲಿ ಯಾವ ಸಾಲಿನಲ್ಲಿದೆ ಎಂದು ಕೇಳುವ ಹಕ್ಕು ಅವರಿಗಿದೆ.

ದಲಾಲ್‌ಬೀದಿ

ಮೇಷ್ಟ್ರೇ, ನಿಮ್ಮ ಆಕ್ಷೇಪಣೆಯಲ್ಲಿ ನ್ಯಾಯವಿದೆ. ಆದರೆ ಎಲ್ಲ ಕಾಂಡ್ಲಾ ಯೋಜನೆಯೂ ಹಾಗಿಲ್ಲ. ಕೀನ್ಯಾದ ಗಾಜಿ ಕೊಲ್ಲಿಯಲ್ಲಿ ಮಿಕೊಕೊ ಪಮೋಜಾ ಎಂಬ ಯೋಜನೆಯಿದೆ. 117 ಹೆಕ್ಟೇರ್ ಕಾಂಡ್ಲಾವನ್ನು ಹಳ್ಳಿಯವರೇ ಕಾಯುತ್ತಾರೆ. ಅದು ಹೀರುವ ಇಂಗಾಲದ ಲೆಕ್ಕವನ್ನು ಮಾರಿ ಬಂದ ಹಣದಲ್ಲಿ ಕುಡಿಯುವ ನೀರಿನ ಕೊಳವೆ ಬಂತು, ಶಾಲೆಗೆ ಪುಸ್ತಕ ಬಂತು. ಇದ್ದ ಕಾಡನ್ನು ಉಳಿಸುವುದಕ್ಕೆ ಖಾಸಗಿ ಹಣ ಬಂದರೆ ಅದಕ್ಕೂ ನಿಮ್ಮ ತಕರಾರಿದೆಯೇ?

ಕಾರವಾರದ_ಮೇಷ್ಟ್ರು

ಇಲ್ಲ. ಇದ್ದದ್ದನ್ನು ಉಳಿಸಲು ಬರುವ ಹಣಕ್ಕೆ ಸ್ವಾಗತ. ಗಾಜಿಯಲ್ಲಿ ಹಣ ಹೇಗೆ ಖರ್ಚಾಗಬೇಕೆಂದು ಹಳ್ಳಿಯ ಸಮಿತಿ ತೀರ್ಮಾನಿಸುತ್ತದೆ, ಆದ್ದರಿಂದಲೇ ಅದು ನಿಂತಿದೆ. ಆದರೆ ನಮ್ಮ ಕಾಂಡ್ಲಾದ ಇಂಗಾಲವನ್ನು ಕೊಂಡ ಕಂಪನಿ ಪಕ್ಕದ ಅಳಿವೆಯಲ್ಲಿ ಜೆಟ್ಟಿ ಕಟ್ಟಲು ಅದನ್ನೇ ಅನುಮತಿಚೀಟಿಯಾಗಿ ತೋರಿಸಬಾರದು.

ಲೆಕ್ಕದಪುಸ್ತಕ

ನಿವೃತ್ತ ಲೆಕ್ಕಾಧಿಕಾರಿ ನಾನು. ಹಣ ಎಲ್ಲಿಂದ ಎಂಬುದಕ್ಕಿಂತ ಯಾವ ಖಾತೆಯಲ್ಲಿ ಕೂರುತ್ತದೆ ಎಂಬ ಚಿಂತೆ ನನಗೆ ಹೆಚ್ಚು. ಪರಿಹಾರ ಅರಣ್ಯೀಕರಣದ ಹಣ ಏನಾಯಿತೆಂದು ನೆನಪಿದೆಯೇ? ಸುಪ್ರೀಂ ಕೋರ್ಟು 2002ರಲ್ಲಿ ನಿಧಿ ಮಾಡಿರೆಂದಿತು. ಕಾಯ್ದೆ ಬಂದದ್ದು 2016ರಲ್ಲಿ. 47,436 ಕೋಟಿ ರೂಪಾಯಿ ರಾಜ್ಯಗಳಿಗೆ ತಲುಪಿದ್ದು 2019ರ ಆಗಸ್ಟಿನಲ್ಲಿ. ಕಾಡು ಹೋದ ವರ್ಷಕ್ಕೂ ಹಣ ಬಂದ ವರ್ಷಕ್ಕೂ ನಡುವೆ ಒಂದು ತಲೆಮಾರು ಬೆಳೆದಿತ್ತು.

2023ರಲ್ಲಿ ಕೇಂದ್ರ ಪ್ರಕಟಿಸಿದ ಮಿಷ್ಟಿ ಯೋಜನೆ ಸುಮಾರು 540 ಚದರ ಕಿಲೋಮೀಟರಿನಲ್ಲಿ ಕಾಂಡ್ಲಾ ಬೆಳೆಸುವ ಗುರಿ ಹೊಂದಿದೆ. ಅದರ ಹಣ ಉದ್ಯೋಗ ಖಾತರಿ, ಇದೇ ಪರಿಹಾರ ಅರಣ್ಯೀಕರಣ ನಿಧಿ ಮುಂತಾದವುಗಳಿಂದ ಹೊಂದಿಸಿಕೊಳ್ಳಬೇಕು. ಅಂದರೆ ಒಳನಾಡಿನ ಕಾಡು ಕಳೆದುಕೊಂಡ ಹಣದಲ್ಲಿ ಕರಾವಳಿಗೆ ಪಾಲು. ಕಡಲು ಕೆಡಿಸಿದವರಿಂದ ಬಂದ ಹಣ ಕಡಲಿಗೇ ಹೋಗುವಂಥ ಖಾತೆ ಬೇರೆಯಾಗಿಯೇ ಇರಬೇಕು. ಕರಾವಳಿ ರಕ್ಷಣೆಗೆಂದು ವಿಶ್ವಬ್ಯಾಂಕ್ ನೆರವಿನ 840 ಕೋಟಿಯ ಕೆ-ಶೋರ್ ನಮ್ಮಲ್ಲಿಗೆ ಬರುತ್ತಿದೆ, ಒಳ್ಳೆಯದು. ಆದರೆ ಅದು ಯೋಜನೆ, ಮುಗಿಯುವ ದಿನಾಂಕವಿರುವಂಥದ್ದು. ನಿಧಿಗೆ ಮುಗಿಯುವ ದಿನವಿರಬಾರದು.

ಮಲ್ಪೆತೀರ

ಎಲ್ಲರ ಮಾತು ಓದಿದ ಮೇಲೆ ನಾನು ಜಲಸಾರಿಗೆ ಮಂಡಳಿಗೂ ಮೀನುಗಾರಿಕೆ ಇಲಾಖೆಗೂ ಬರೆಯಬೇಕೆಂದಿರುವ ಮನವಿಯ ಕರಡನ್ನು ಇಲ್ಲಿಡುತ್ತೇನೆ, ತಿದ್ದಿ.

ಕರ್ನಾಟಕದ ಬಂದರುಗಳನ್ನು ಮುಟ್ಟುವ ಪ್ರತಿ ಕಂಟೇನರಿನಿಂದ ಸಣ್ಣ ಶುಲ್ಕ ಎತ್ತಿ ಕರಾವಳಿ ನಿಧಿಯೊಂದನ್ನು ಕಟ್ಟಬೇಕು. ನವಮಂಗಳೂರು ಕೇಂದ್ರದ ಬಂದರು, ಆದ್ದರಿಂದ ಕೇಂದ್ರದ ಒಪ್ಪಿಗೆಯೂ ಬೇಕು. ಅವಘಡವಾದಾಗ ನ್ಯಾಯಾಲಯಕ್ಕೆ ಕಾಯದೆ ಅದರಿಂದ ವಾರದೊಳಗೆ ಹಣ ಹೋಗಬೇಕು. ಆಮೇಲೆ ಹಡಗಿನ ಕಂಪನಿಯಿಂದ ಬಂದ ಪರಿಹಾರದಲ್ಲಿ ಮೊದಲು ಈ ನಿಧಿ ತುಂಬಬೇಕು. ಕೊಯ್ದ ಬಲೆಗೆ ಪರಿಹಾರವೂ ಇದರಿಂದಲೇ, ಸಾಕ್ಷಿಗೆ ಮೀನುಗಾರನ ಮೊಬೈಲಿನ ಚಿತ್ರ ಸಾಕು. ಖಾಸಗಿ ಹಣಕ್ಕೆ ಪ್ರವೇಶವಿದೆ: ವಿಮೆಯ ಕಂತಿಗೆ, ಇದ್ದ ಕಾಂಡ್ಲಾದ ಕಾವಲಿಗೆ, ಮೀನು ಮಾರುಕಟ್ಟೆಯ ಮಂಜುಗಡ್ಡೆ ಘಟಕಕ್ಕೆ. ಯಾವುದೇ ಯೋಜನೆಯ ಅನುಮತಿಗೆ ಬದಲಾಗಿ ಅದನ್ನು ತೋರಿಸುವಂತಿಲ್ಲ. ನಿಧಿಯ ಸಮಿತಿಯಲ್ಲಿ ಅರ್ಧದಷ್ಟು ಮಂದಿ ನೀರಿಗಿಳಿಯುವವರು. ಬೆಳಕು ಮೀನುಗಾರಿಕೆಯ ದಂಡವೂ ಇದೇ ನಿಧಿಗೆ, ಗಂಗೊಳ್ಳಿಯವರು ಹೇಳಿದಂತೆ.

ಗಂಗೊಳ್ಳಿ_ಬೋಟು

ದಂಡದ ಸಾಲನ್ನು ತೆಗೆಯಬೇಡಿ. ನಮ್ಮ ಸಂಘದಲ್ಲೇ ಕೆಲವರು ತೆಗೆಸಲು ನೋಡುತ್ತಾರೆ. ನಾನು ಸಹಿ ಹಾಕುತ್ತೇನೆ.

ಹಡಗುವಿಮೆ_ಮುಂಬಯಿ

‘ವಾರದೊಳಗೆ’ ಎಂಬಲ್ಲಿ ಇನ್ನೊಂದು ಮಾತು ಸೇರಿಸಿ. ಅವಘಡಕ್ಕೆ ಮೊದಲಿನ ಮೀನಿನ ಇಳುವರಿ, ಕೆಸರಿನ ಸ್ಥಿತಿ, ನೀರಿನ ಗುಣವನ್ನು ಪ್ರತಿ ವರ್ಷ ದಾಖಲಿಸಬೇಕು. ನ್ಯಾಯಾಲಯದಲ್ಲಿ ಹಡಗಿನ ವಕೀಲರು ಮೊದಲು ಕೇಳುವುದೇ ಇದನ್ನು: ಮೊದಲು ಎಷ್ಟಿತ್ತು, ತೋರಿಸಿ. ತೋರಿಸಲಾಗದ್ದಕ್ಕೆ ಹಣ ಸಿಗುವುದಿಲ್ಲ.

ತದಡಿತೀರ

ಆ ದಾಖಲೆಯಲ್ಲಿ ಬೆಳಚು ಇರುತ್ತದೆಯೇ, ಅದನ್ನು ಹೆಕ್ಕುವವರು ಇರುತ್ತಾರೆಯೇ?

ಲೆಕ್ಕದಪುಸ್ತಕ

ಅದಕ್ಕೆ ಹೊಸ ಕಾನೂನು ಬೇಕಿಲ್ಲ ಅಕ್ಕ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲೆಯನ್ನು ಬರೆದಿಡಬೇಕು. ಯಾವ ಜೀವಿ, ಎಲ್ಲಿ, ಯಾವ ತಿಂಗಳು, ಯಾರು ಬಳಸುತ್ತಾರೆ ಎಂಬುದನ್ನೆಲ್ಲ ಅದರಲ್ಲಿ ಬರೆಯಿಸಬಹುದು. ನಿಮ್ಮ ಪಂಚಾಯಿತಿಯ ದಾಖಲೆಯ ಪ್ರತಿ ಕೇಳಿ. ಬೆಳಚಿನ ಪುಟವಿಲ್ಲದಿದ್ದರೆ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ ಸೇರಿಸಿ. ಸರ್ಕಾರಿ ಮೊಹರಿನ ದಾಖಲೆಯಾದರೆ ಪರಿಹಾರದ ಪಟ್ಟಿ ಬರೆಯುವವನು ಅದನ್ನು ಸುಲಭವಾಗಿ ತಳ್ಳಿಹಾಕಲಾರ.

ತದಡಿತೀರ

ಮುಂದಿನ ಗ್ರಾಮಸಭೆಗೆ ಹೆಂಗಸರನ್ನು ಕರೆದುಕೊಂಡು ಹೋಗುತ್ತೇನೆ. ಅರ್ಜಿಯ ಮಾದರಿ ಯಾರ ಬಳಿಯಾದರೂ ಇದ್ದರೆ ಇಲ್ಲಿ ಹಾಕಿ. ಸಭೆ ನೀರಿಳಿಯುವ ಹೊತ್ತಿಗೆ ಇರಬಾರದು, ಆ ಹೊತ್ತಿಗೆ ಯಾರೂ ಬರುವುದಿಲ್ಲ.

ಕಾರವಾರದ_ಮೇಷ್ಟ್ರು

ಮಾದರಿ ನನ್ನ ಬಳಿ ಇದೆ, ಸಂಜೆ ಹಾಕುತ್ತೇನೆ. ಬೆಳಚಿನ ಜಾತಿಗಳ ಹೆಸರು, ಅವು ಸಿಗುವ ಜಾಗ, ಕಾಲ ಇವನ್ನು ನೀವು ಹೇಳಿದರೆ ಪಟ್ಟಿ ಬರೆದುಕೊಡುವ ಕೆಲಸ ನನ್ನದು.